ಎರವಲು ಅಂಗೈ

ಗಂಗಾವತಿಯ ರಾಯಚೂರು ರಸ್ತೆಯಲ್ಲಿ
ನಮ್ಮ ಗ್ಯಾರೇಜಿನ ನೆಲ ತಾನೇ ನಡುಗುತ್ತಿತ್ತು.
ಗೋಡೆಯಾಚೆ ರೈಸ್ ಮಿಲ್ಲು. ಹಗಲಿಡೀ
ಭತ್ತ ಸುಲಿಯುವ ಯಂತ್ರದ ಹಲ್ಲುಕಡಿತ
ಪಾಯದ ಕಲ್ಲಿಗಿಳಿದು, ಹಲಗೆಯ ಮೇಲಿನ
ಹತ್ತು-ಹನ್ನೊಂದರ ಪಾನಾಗಳನ್ನು
ಕೂದಲೆಳೆಯಷ್ಟು, ಕೂದಲೆಳೆಯಷ್ಟು ಅಂಚಿಗೆ ತಳ್ಳುತ್ತಿತ್ತು.
ದಿನಕ್ಕೊಂದಾದರೂ ಬೀಳುವುದು. ಎತ್ತಿಡುವುದು ನನ್ನ ಕೆಲಸ.

ಅಂದು ಅಕ್ಕಿ ದಲಾಲಿ ಶರಭಯ್ಯನವರ ಬಿಳಿ ಮಾರುತಿ ಬಂತು.
"ನಿಂತಲ್ಲೇ ನಡಗ್ತದೋ ಮೌನಪ್ಪ,
ಸ್ಟೇರಿಂಗ್ ಹಿಡಿದ್ರ ಮೊಣಕೈತನ ಜುಮ್ ಅಂತದ.
ಕನ್ನಡ್ಯಾಗ ಹಿಂದಿನ ಲಾರಿ ಎರಡೆರಡು ಕಾಣ್ತಾವ."
ಕಾರಟಗಿಯವನೊಬ್ಬ ಚಕ್ರ ಬ್ಯಾಲೆನ್ಸ್ ಮಾಡಿ
ದುಡ್ಡೂ ತಗೊಂಡಿದ್ದನಂತೆ.
"ನಿಂತ ಗಾಡ್ಯಾಗ ಚಕ್ರದ್ದೇನು ತಪ್ಪು?"
ಮೇಸ್ತ್ರಿ ಕೇಳಿದ್ದು ಅಷ್ಟೆ. ಬಾನೆಟ್ಟೆತ್ತಿ ಕಡ್ಡಿ ಆನಿಸಿ
ಹಚ್ಚದ ಬೀಡಿ ಬಾಯಲ್ಲಿಟ್ಟು ಕೂತರು.

ಕೂತರು ಅಂದರೆ, ಕಾದರು.
ಒಂದೂವರೆಗೆ ಮಿಲ್ಲಿನ ಸೈರನ್ನು ಕೂಗಿತು,
ಹಮಾಲರು ಬುತ್ತಿ ಬಿಚ್ಚಿದರು,
ನೆಲ ನಿಂತಿತು.
"ಒಂದು ನಡುಕ ಕಳೀತು. ಚಾಲೂ ಮಾಡ್ರಿ ಸ್ವಾಮೇರ."

ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿ,
"ಏ ರಾಜಾಬಕ್ಷಿ, ನಿನ್ ಕೈ ಕೊಡಿಲ್ಲಿ."

ಆಗಲೇ ನೋಡಿದ್ದು ನಾನು, ಅಥವಾ ಎಂದೋ ನೋಡಿದ್ದನ್ನು
ಆಗ ಒಪ್ಪಿಕೊಂಡದ್ದು:
ಅವರ ಬಲಗೈ ಹೆಬ್ಬೆರಳು
ಎಲ್ಲ ಎಂಜಿನ್ನು ಬಂದಾದ ಮೇಲೂ ಸಣ್ಣಗೆ ಓಡುತ್ತಲೇ ಇತ್ತು,
ಐಡಲಿನಲ್ಲಿ.
ಚಹಾ ಗ್ಲಾಸು ಅರ್ಧವೇ ತುಂಬಿಸಿಕೊಳ್ಳುತ್ತಿದ್ದುದು,
ಪ್ಲಗ್ಗಿನ ಗ್ಯಾಪು ನನ್ನಿಂದಲೇ ಅಳೆಸುತ್ತಿದ್ದುದು
ಹುಡುಗ ಕಲೀಲಿ ಅಂತಲ್ಲ.

ಮಣಿಕಟ್ಟು ಹಿಡಿದು ನನ್ನ ಅಂಗೈಯನ್ನು
ಒಂದೊಂದೇ ಜಾಗಕ್ಕೆ ಒಯ್ದರು.
ವಾಲ್ವ್ ಕವರು. "ಹ್ಯಾಂಗದ?" "ಜ್ವರ ಬಂದ ಆಡುಮರಿ ಹಂಗ."
ಎಂಜಿನ್ ಮೌಂಟು. "ರಬ್ಬರು ಗಟ್ಟಿ ಅದ, ಬಿರುಕಿಲ್ಲ."
ಪ್ಲಗ್ಗಿನ ವೈರು ಒಂದೊಂದಾಗಿ ಕಿತ್ತು ನೋಡಿದೆ;
ಮೂರಕ್ಕೂ ಒಂದೇ ಥರ ಕುಂಟಿತು.
"ಹಂಗಾರ ಮೂರೂ ದುಡೀತಾವ. ಅವನ್ನ ಬಿಡು."
ಅಲ್ಟರ್ನೇಟರಿಗೆ ಬೆರಳು ತಾಗಿದ್ದೇ ಹಿಂದಕ್ಕೆಳೆದೆ.
"ಸುಟ್ಟಿತೇನು?"
"ಇಲ್ಲ. ಕಚ್ಚಿತು."

ಬೆಲ್ಟು ಬಿಚ್ಚಿ ಮತ್ತೆ ಚಾಲೂ ಮಾಡಿದೆವು.
"ಅರವತ್ತು ಎಣಿಸು, ಬಂದ್ ಮಾಡು. ಈಗ ನೀರು ತಿರಗಂಗಿಲ್ಲ."
ಇಪ್ಪತ್ತು ಎಣಿಸುವಷ್ಟರಲ್ಲಿ ಶರಭಯ್ಯ
ಕಿಟಕಿಯಿಂದ ಕತ್ತು ಹಾಕಿ, "ಆಫ್ ಆತೇನು?" ಅಂದರು.
ಆಗಿರಲಿಲ್ಲ.

ಪುಲ್ಲಿಗಳನ್ನು ಬರಿಗೈಯಲ್ಲಿ ತಿರುಗಿಸಿದೆ.
ವಾಟರ್ ಪಂಪು ಬೆಣ್ಣೆ.
ಅಲ್ಟರ್ನೇಟರು, ತುತ್ತಿನಲ್ಲಿ ಕಲ್ಲು.

ಸೈಕಲ್ಲು ತುಳಿದು ಹೊಸ ಬೇರಿಂಗು ತಂದೆ.
ಸಂಜೆ ಪಾಳಿ ಬದಲಾಗುವಾಗ, ನೆಲ ಮತ್ತೆ ನಿಂತ ಹೊತ್ತಲ್ಲಿ,
ಕೈಯಿಟ್ಟೆ. ಹೋಗಿತ್ತು. ಪೂರಾ ಅಲ್ಲ,
ಮಲಗಿದವರ ಹೊಟ್ಟೆ ಏರಿಳಿಯುವಷ್ಟು ಉಳಿದಿತ್ತು.
ಅದಕ್ಕೇ ಶರಭಯ್ಯ ನೂರು ರೂಪಾಯಿ ಹಿಡಿದಿಟ್ಟುಕೊಂಡರು.
"ಮೂರು ಗುಂಡಿನ ಒಲಿ ಅಲ್ಲಾಡದಂಗ ಕುಂದರ್ತದ್ರಿ ಸ್ವಾಮೇರ,
ಮೂರು ಸಿಲಿಂಡರಿನ ಗಾಡಿ ಕುಂದ್ರಂಗಿಲ್ಲ.
ಇಷ್ಟು ಅದುರೋದು ರೋಗ ಅಲ್ಲ, ಹುಟ್ಟುಗುಣ."
ಹೇಳುತ್ತ ಬಲಗೈಯನ್ನು ಕಿಸೆಗಿಳಿಸಿದರು.

ಕಾರಿನ ಮಟ್ಟಿಗೆ ಅದು ನಿಜ.
ಉಳಿದದ್ದನ್ನು ನಾನು ಕೇಳಲಿಲ್ಲ.

ಮಿಲ್ಲು ರಾತ್ರಿ ಪಾಳಿಗೆ ಎದ್ದಿತು. ಹಲಗೆಯ ಅಂಚಲ್ಲಿ
ಹದಿನಾಲ್ಕರ ಪಾನಾ ವಾಲಿ, ಇನ್ನೇನು ಎನ್ನುವಾಗ
ಇಬ್ಬರೂ ಕೈ ಚಾಚಿದೆವು.
ನನ್ನದೇ ಮೊದಲು ಮುಟ್ಟಿತು.

ಚೂರು ತಡ ಮಾಡಬಹುದಿತ್ತು.